ನಿಮ್ಮ ಕಾರಿನ ವಾರಂಟಿ ಮುಗೀತಂತೆ!

ಅಮೆರಿಕದಲ್ಲಿದ್ದೀರಾ?
"ಕಾರಿನ ವಾರಂಟಿ ಮುಗೀತಾ ಬಂತು" ಅಂತ ಫೋನ್ ಬಂತಾ?
ಕಾರೇ ಇಲ್ಲದವರಿಗೂ ಬರುತ್ತೆ!

ಅದು ಮೋಸದ ಕರೆ, ರೆಕಾರ್ಡ್ ಮಾಡಿದ ದನಿ.
ಕೆರೆಗೆ ಬಲೆ ಬೀಸಿದ ಹಾಗೆ,
ಯಾವ ಮೀನು ಬಿದ್ದರೂ ಸರಿ.

2021ರಲ್ಲಿ ಒಂದೇ ಜಾಲ,
ಮೂರೇ ತಿಂಗಳಲ್ಲಿ,
500 ಕೋಟಿಗೂ ಹೆಚ್ಚು ಕರೆ ಮಾಡಿತ್ತು!
2023ರಲ್ಲಿ ಅದಕ್ಕೆ ಅಮೆರಿಕದ ದೂರಸಂಪರ್ಕ ಆಯೋಗ ಎಫ್‌ಸಿಸಿ ಹಾಕಿದ ದಂಡ,
ಸುಮಾರು 30 ಕೋಟಿ ಡಾಲರ್.

ನಿಮ್ಮೂರಿನದೇ ನಂಬರ್ ಕಂಡರೂ ನಂಬಬೇಡಿ.
ಅದೂ ನಕಲಿ ಇರಬಹುದು.

"ಕರೆ ಬೇಡವಾದರೆ ಎರಡು ಒತ್ತಿ" ಅಂತಾರೆ.
ಒತ್ತಲೇಬೇಡಿ!
ಒತ್ತಿದರೆ, ಈ ನಂಬರ್ ಎತ್ತೋರಿದ್ದಾರೆ ಅಂತ
ಅವರಿಗೆ ಖಾತ್ರಿಯಾಗುತ್ತೆ.
ಕರೆ ಇನ್ನೂ ಹೆಚ್ಚಬಹುದು.

ಸುಮ್ಮನೆ ಕಟ್ ಮಾಡಿ.

ಊರಿಂದ ಬಂದಿರೋ ಅಪ್ಪ ಅಮ್ಮನಿಗೂ ಹೇಳಿಡಿ.
ಪಾಪ, ಮರ್ಯಾದೆಗೆ ಅಂತ ಅವರು ಪೂರ್ತಿ ಕೇಳ್ತಾರೆ.

ವಾರಂಟಿ ಬಗ್ಗೆ ಅನುಮಾನ ಇದ್ದರೆ,
ಕಾರು ಕೊಂಡ ಡೀಲರ್‌ಗೆ
ನೀವೇ ಫೋನ್ ಮಾಡಿ ಕೇಳಿ.