ಎಣ್ಣೆಯೊಳಗಿನ ಎಳ್ಳು

ನದೀಮೂಲವನ್ನೂ ಋಷಿಮೂಲವನ್ನೂ ಕೆದಕಬಾರದೆಂದು ಹಿರಿಯರು ಹೇಳಿದ್ದಾರೆ. ಶಬ್ದಮೂಲದ ಮಾತನ್ನು ಅವರು ಎತ್ತಲಿಲ್ಲ. ಅಷ್ಟರ ಮಟ್ಟಿಗೆ ನಾವು ಸ್ವತಂತ್ರರು. ಆದರೆ ಈ ಸ್ವಾತಂತ್ರ್ಯ ಸ್ವೇಚ್ಛೆಯಾಗುವುದು ಬಹು ಸುಲಭ. ಎರಡು ಶಬ್ದಗಳು ಕಿವಿಗೆ ಒಂದೇ ತೆರನಾಗಿ ಕೇಳಿಸಿದೊಡನೆ ಅವುಗಳಿಗೆ ನಂಟು ಕಟ್ಟಿ, ನಡುವೆ ಒಂದು ಕಥೆಯನ್ನು ಹೊಸೆದುಬಿಡುತ್ತೇವೆ.

ಬೆಂಗಳೂರಿನ ಹೆಸರು ಇದಕ್ಕೆ ನಿದರ್ಶನ. ಬೇಟೆಯಲ್ಲಿ ದಾರಿ ತಪ್ಪಿ ಹಸಿದಿದ್ದ ಹೊಯ್ಸಳ ಇಮ್ಮಡಿ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳನ್ನಿತ್ತಳೆಂದೂ, ಅದರಿಂದ ಆ ಸ್ಥಳ ‘ಬೆಂದಕಾಳೂರು’ ಆಯಿತೆಂದೂ ಕಥೆ. ಕಥೆಯೇನೋ ಸೊಗಸಾಗಿದೆ. ಆದರೆ ಬೇಗೂರಿನಲ್ಲಿ ಕ್ರಿ. ಶ. 890ರ ಸುಮಾರಿನ ಶಾಸನವೊಂದಿದೆ. ಬೆಂಗಳೂರಿನ ಕಾಳಗವನ್ನು ಅದು ಹೆಸರಿಸುತ್ತದೆ. ಬಲ್ಲಾಳನು ಪಟ್ಟಕ್ಕೆ ಬಂದದ್ದಾದರೋ 1173ರಲ್ಲಿ. ಇನ್ನೂ ಹುಟ್ಟದ ದೊರೆಯ ಹಸಿವಿನಿಂದ ಊರಿಗೆ ಹೆಸರು ಬರುವುದೆಂತು? ಶಬ್ದದ ಅತಿ ಹಳೆಯ ರೂಪ ಯಾವುದು, ಯಾವ ಕಾಲದ್ದು ಎಂಬುದೇ ಮೂಲವನ್ನರಸುವವನ ಮೊದಲ ಪ್ರಶ್ನೆಯಾಗಬೇಕು.

ಕಾಲದ ಸಾಕ್ಷ್ಯವೊಂದೇ ಸಾಲದು. ಧ್ವನಿಯ ಸಾಕ್ಷ್ಯವೂ ಬೇಕು. ಅಡಿಗೆಮನೆಯ ಶಬ್ದವೊಂದನ್ನೇ ನೋಡೋಣ. ‘ಎಣ್ಣೆ’ ಎಂಬುದು ಎಳ್, ನೆಯ್ ಎಂಬೆರಡು ಶಬ್ದಗಳ ಸಮಾಸ. ನೆಯ್ ಎಂದರೆ ಜಿಡ್ಡು, ತುಪ್ಪ. ಎಳ್ಳಿನ ಜಿಡ್ಡೇ ಎಣ್ಣೆ. “ಇದೂ ಬರಿಯ ಊಹೆಯಲ್ಲವೆ?” ಎಂದು ತರಗತಿಯಲ್ಲಿ ವಿದ್ಯಾರ್ಥಿಗಳು ನನ್ನನ್ನು ಕೇಳುವುದುಂಟು. ಕೇಳಲೇಬೇಕಾದ ಪ್ರಶ್ನೆ ಅದು. ಉತ್ತರ ‘ಬೆಣ್ಣೆ’ಯಲ್ಲಿದೆ. ಬೆಳ್ ಎಂದರೆ ಬಿಳಿದು. ಬಿಳಿಯ ನೆಯ್ ಬೆಣ್ಣೆ. ಎರಡೆಡೆಯಲ್ಲಿಯೂ ಳಕಾರ ನಕಾರಗಳು ಕೂಡಿ ‘ಣ್ಣ’ ಆಗಿವೆ. ಒಂದೆಡೆ ಆದದ್ದನ್ನು ಆಕಸ್ಮಿಕವೆನ್ನಬಹುದು. ಅದೇ ಸನ್ನಿವೇಶದಲ್ಲಿ ಮತ್ತೆಯೂ ಆದರೆ ಅದಕ್ಕೆ ನಿಯಮದ ಬಲವುಂಟು.

ಮೂರನೆಯ ಸಾಕ್ಷ್ಯ ಸೋದರಭಾಷೆಗಳದು. ತಮಿಳಿನಲ್ಲಿ ಎಣ್ಣೆಯ್, ವೆಣ್ಣೆಯ್ ಎಂಬ ಜೋಡಿಯೇ ಇದೆ. ಬಿಡಿಯಾದ ನೆಯ್ ಅಲ್ಲಿ ಇಂದಿಗೂ ತುಪ್ಪ. ತೆಲುಗಿನಲ್ಲಿ ಎಳ್ಳು ‘ನುವ್ವು’. ಅವರ ಎಣ್ಣೆ ‘ನೂನೆ’. ಸಂಸ್ಕೃತದ ‘ತೈಲ’ವಾದರೂ ತಿಲದಿಂದ ಬಂದುದೇ. ದೂರದ ಗ್ರೀಕರಿಗೆ ಎಣ್ಣೆಯ ಹೆಸರನ್ನಿತ್ತದ್ದು ಆಲಿವ್ ಕಾಯಿ. ಇಂಗ್ಲಿಷಿನ ‘ಆಯಿಲ್’ ಅದರ ಸಂತತಿ. 1894ರ ಕಿಟ್ಟೆಲ್ ನಿಘಂಟನ್ನೂ, 1961ರಲ್ಲಿ ಹೊರಬಂದ ಬರೋ-ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿ ಕೋಶವನ್ನೂ ಎದುರಿಗಿಟ್ಟುಕೊಂಡರೆ ಇಂಥ ಹೋಲಿಕೆಗೆ ಯಾರು ಬೇಕಾದರೂ ತೊಡಗಬಹುದು.

ಇದರಿಂದೇನು ಫಲವೆಂದು ವಾಚಕರು ಕೇಳಬಹುದು. ಅರಸರ ಯುದ್ಧಗಳನ್ನು ಕಲ್ಲು ಹೇಳುತ್ತದೆ. ನಮ್ಮ ಪೂರ್ವಿಕರಿಗೆ ಎಣ್ಣೆಯೆಂದೊಡನೆ ಯಾವ ಕಾಳು ನೆನಪಾಗುತ್ತಿತ್ತೆಂಬುದನ್ನು ಯಾವ ಅರಸನೂ ಕೆತ್ತಿಸಲಿಲ್ಲ. ಗಾಣದ ಮುಂದೆ ಬಾಳು ಸವೆಸಿದವರ ಆ ಚರಿತ್ರೆಯನ್ನು ಈ ಪುಟ್ಟ ಶಬ್ದ ಕಾಪಾಡಿಕೊಂಡು ಬಂದಿದೆ. ಕಟ್ಟುಕಥೆಗೆ ಮರುಳಾದಾಗ ನಾವು ಮುಚ್ಚುವುದು ಇಂಥ ಸಾಕ್ಷಿಯ ಬಾಯನ್ನು.

ಇಂದು ತೆಂಗಿನದೂ ಎಣ್ಣೆ, ಕಡಲೆಕಾಯಿಯದೂ ಎಣ್ಣೆ. ಕಾಳಿನ ಸೋಂಕೇ ಇಲ್ಲದ ಸೀಮೆಎಣ್ಣೆಯೂ ಎಣ್ಣೆಯೇ. ಎಳ್ಳಿನದನ್ನು ಬೇರ್ಪಡಿಸಲು ‘ಎಳ್ಳೆಣ್ಣೆ’ ಎನ್ನಬೇಕಾಗಿದೆ. ಆ ಒಂದು ಶಬ್ದದಲ್ಲಿ ಎಳ್ಳು ಎರಡು ಸಲ ಇದೆ. ಅಂಗಡಿಯಲ್ಲಿ ಕೇಳಿ ಕೊಳ್ಳುವ ನಮಗೆ ಒಂದು ಮಾತ್ರ ಕಾಣುತ್ತದೆ.