ಗುಂಡಿಮಗ್ಗದ ಮನೆಯಿಂದ ಮೂರನೇ ತರಗತಿಗೆ

ತಮಿಳುನಾಡಿನ ಮೆಟ್ಟುಪಾಳ್ಯದಿಂದ ಸತ್ಯಮಂಗಲದ ದಾರಿ ಹಿಡಿದರೆ ಬಾಳೆ, ಅಡಿಕೆ ತೋಟಗಳನ್ನು ದಾಟಿದ ಸ್ವಲ್ಪ ಹೊತ್ತಿಗೇ ಸಿರುಮುಗೈ ಸಿಗುತ್ತದೆ. ಹಿಂದೆ ನೀಲಗಿರಿಯ ನೀಲಿ ಸಾಲು, ಪಕ್ಕದಲ್ಲಿ ಭವಾನಿಸಾಗರದ ಹಿನ್ನೀರಿನತ್ತ ಹರಿಯುವ ಭವಾನಿ ಹೊಳೆ. ಬಸ್ಸಿನ ಗದ್ದಲ ಬಿಟ್ಟು ನೇಕಾರರ ಬೀದಿಗೆ ತಿರುಗಿದರೆ ಅಲ್ಲಿ ಮಗ್ಗದ್ದೇ ಸದ್ದು. ಒಂದು ಮನೆಯದು ನಿಧಾನದ ಲಯ, ಪಕ್ಕದ ಮನೆಯದು ಚುರುಕು. ಅಂಗಡಿಯ ಬೋರ್ಡು, ಗೋಡೆ ಬರಹ, ಬಸ್ಸಿನ ಫಲಕ ಎಲ್ಲವೂ ತಮಿಳು. ಹೊಸ್ತಿಲು ದಾಟಿದರೆ ಕನ್ನಡ. ಇಲ್ಲಿನ ದೇವಾಂಗರು ಚೌಡೇಶ್ವರಿಯ ಒಕ್ಕಲು. ವಿಜಯನಗರದ ಕಾಲದಲ್ಲಿ ಹಂಪಿಯ ಕಡೆಯಿಂದ ಇಳಿದು ಬಂದವರು ನಾವು ಎಂದು ಹಿರಿಯರು ಹೇಳುತ್ತಾರೆ. ಓದುವ ಬರೆಯುವ ಲಿಪಿ ತಮಿಳಾಗಿ ಎಷ್ಟೋ ತಲೆಮಾರು ಕಳೆದಿವೆ. ಆದರೂ ಮಗುವನ್ನು ಗದರುವ, ಮುದ್ದಿಸುವ, ಲಾಳಿ ಎತ್ತಿಕೊಡು ಎನ್ನುವ ಮಾತು ಇನ್ನೂ ಕನ್ನಡವೇ.

ನಡುಮನೆಯ ನೆಲದಲ್ಲೊಂದು ಗುಂಡಿ. ಅದರ ಅಂಚಿನಲ್ಲಿ ಅಪ್ಪ ಕೂತಿದ್ದಾನೆ. ಕಾಲು ಗುಂಡಿಯೊಳಗಿನ ಮೆಟ್ಟುಹಲಗೆಯ ಮೇಲೆ, ಕಣ್ಣು ಹಾಸಿನ ಮೇಲೆ. ತಲೆಯ ಮೇಲೆ ಜಕಾರ್ಡ್ ಪೆಟ್ಟಿಗೆ, ಅದರಿಂದ ಮಾಲೆಯಂತೆ ಇಳಿಬಿದ್ದ ತೂತಿನ ರಟ್ಟುಗಳು. ಕಾಲು ಒತ್ತಿದಾಗಲೆಲ್ಲ ಒಂದು ರಟ್ಟು ಮುಂದೆ ಸರಿಯುತ್ತದೆ, ಎಳೆಗಳಲ್ಲಿ ಕೆಲವು ಮೇಲೇಳುತ್ತವೆ, ಲಾಳಿ ನಡುವೆ ನುಸುಳುತ್ತದೆ. ತೆಳುವಾದ ಮೆತ್ತನೆಯ ರೇಷ್ಮೆ ಸೀರೆಗೆ ಈ ಊರು ಹೆಸರುವಾಸಿ. ಕಿಟಕಿಯ ಬೆಳಕಿನಲ್ಲಿ ಅಜ್ಜಿ ರಾಟೆ ತಿರುಗಿಸುತ್ತ ಲಾಳಿಗೆ ಕಂಡಿಕೆ ಸುತ್ತುತ್ತಿದ್ದಾಳೆ. ಮೂರನೇ ತರಗತಿಯ ಮೊಮ್ಮಗಳು ಸಮವಸ್ತ್ರ ಹಾಕಿಕೊಂಡು, ಜಡೆಗೆ ರಿಬ್ಬನ್ ಕಟ್ಟಿಸಿಕೊಂಡು, ಶಾಲೆಗೆ ಇನ್ನೂ ಹೊತ್ತಿದೆ ಎಂದು ಅಜ್ಜಿಯ ಪಕ್ಕ ಬಂದು ಕೂರುತ್ತಾಳೆ.

"ಬಾ ಕಣ್ಣು, ಇದನ್ನ ಹಿಡಿ."

ಅಜ್ಜಿ ಆಡುವುದು ಇಷ್ಟೇ. ಮಗುವಿನ ಬೆರಳ ನಡುವೆ ನೂಲು ಓಡುತ್ತದೆ. ಬಿಗಿ ಹೆಚ್ಚಾದರೆ ಕಡಿಯುತ್ತದೆ, ಸಡಿಲವಾದರೆ ಕಂಡಿಕೆ ಉಬ್ಬುತ್ತದೆ. ಕಡಿದಾಗ ಅಜ್ಜಿ ಗದರುವುದಿಲ್ಲ. ಎರಡು ತುದಿಯನ್ನೂ ತಾನೇ ಹಿಡಿದು, ಮಗುವಿಗೆ ಕಾಣುವ ಹಾಗೆ ನಿಧಾನಕ್ಕೆ ಹೊಸೆದು, ನೂಲನ್ನು ಮತ್ತೆ ಅವಳ ಕೈಗೇ ಕೊಡುತ್ತಾಳೆ. ಮುಂದಿನ ಸಲ ಕಡಿದಾಗ ಒಂದು ತುದಿ ಅಜ್ಜಿಯದು, ಇನ್ನೊಂದು ಮಗುವಿನದು. ಅದರ ಮುಂದಿನ ಸಲ ಅಜ್ಜಿ ಬರೀ ನೋಡುತ್ತಾಳೆ.

ಈ ಮೂರು ಹೆಜ್ಜೆಗಳಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರು ಪರೀಕ್ಷೆಗೆಂದು ಉರು ಹೊಡೆಯುವ ಸಿದ್ಧಾಂತವೊಂದು ಪೂರ್ತಿಯಾಗಿ ಅಡಗಿದೆ. ಮಗು ತಾನೊಂದೇ ಮಾಡಬಲ್ಲದ್ದಕ್ಕೂ, ಬಲ್ಲವರ ಜೊತೆಗೂಡಿ ಮಾಡಬಲ್ಲದ್ದಕ್ಕೂ ನಡುವಿನ ವಲಯದಲ್ಲೇ ಕಲಿಕೆ ನಡೆಯುತ್ತದೆ ಎಂದವನು ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವೈಗಾಟ್‌ಸ್ಕಿ. 1976ರಲ್ಲಿ ಡೇವಿಡ್ ವುಡ್, ಜೆರೋಮ್ ಬ್ರೂನರ್, ಗೇಲ್ ರಾಸ್ ಎಂಬ ಮೂವರು ಸಂಶೋಧಕರು, ಮೂರರಿಂದ ಐದು ವರ್ಷದ ಮಕ್ಕಳು ಮರದ ತುಂಡುಗಳನ್ನು ಜೋಡಿಸಿ ಪಿರಮಿಡ್ ಕಟ್ಟುವಾಗ ಕಲಿಸುವವರು ಹೇಗೆ ನೆರವಾಗುತ್ತಾರೆಂದು ಕೂತು ನೋಡಿದರು. ಕಟ್ಟಡಕ್ಕೆ ಸಾರುವೆ ನಿಲ್ಲಿಸಿ ಕೆಲಸ ಮುಗಿದಂತೆ ಬಿಚ್ಚುವ ಬಗೆಯಲ್ಲೇ ಒಳ್ಳೆಯ ನೆರವೂ ಇರುತ್ತದೆ ಎಂದರು. ಎಷ್ಟು ನೆರವು ಕೊಡಬೇಕೆಂದು ತಿಳಿಯುವುದು ಕಷ್ಟ. ಯಾವಾಗ ಕೈ ಹಿಂದೆಗೆಯಬೇಕೆಂದು ತಿಳಿಯುವುದು ಇನ್ನೂ ಕಷ್ಟ. ಅಜ್ಜಿ ಅದನ್ನು ಮಗುವಿನ ಬೆರಳು ನೋಡಿಯೇ ತೀರ್ಮಾನಿಸುತ್ತಾಳೆ.

ನೇಯ್ಗೆಯನ್ನೇ ಹಿಡಿದು ಕಲಿಕೆಯನ್ನು ಅಭ್ಯಾಸ ಮಾಡಿದವರೂ ಇದ್ದಾರೆ. ಮನಶ್ಶಾಸ್ತ್ರಜ್ಞೆ ಪೆಟ್ರೀಷಿಯಾ ಗ್ರೀನ್‌ಫೀಲ್ಡ್ 1969ರಲ್ಲಿ ಮೆಕ್ಸಿಕೋದ ಚಿಯಾಪಾಸ್ ಬೆಟ್ಟದ ಮಾಯಾ ಜನರ ಊರಾದ ನಬೆಂಚೌಕ್‌ಗೆ ಹೋದರು. ಕಾರ್ಲಾ ಚೈಲ್ಡ್ಸ್ ಅವರ ಜೊತೆಗೂಡಿ ತಾಯಂದಿರು ಹೆಣ್ಣುಮಕ್ಕಳಿಗೆ ನೇಯ್ಗೆ ಕಲಿಸುವುದನ್ನು ದಾಖಲಿಸಿದರು. 1991ರಲ್ಲಿ ಅದೇ ಊರಿಗೆ ಮರಳಿ ಮುಂದಿನ ತಲೆಮಾರನ್ನೂ ನೋಡಿದರು. ಅಲ್ಲಿ ಪುಟ್ಟ ಹುಡುಗಿಯರಿಗೆ ಆಟದ ಮಗ್ಗವಿದೆ. ಅದರಲ್ಲಿ ಹಾಸನ್ನು ನೇರವಾಗಿ ಎರಡು ಕೋಲುಗಳ ನಡುವೆ ಸುತ್ತಿದರೆ ಸಾಕು, ಮಗ್ಗ ಸಿದ್ಧ. ದೊಡ್ಡವರು ಬೇರೆ ಚೌಕಟ್ಟಿನ ಮೇಲೆ ಹಾಸು ಸುತ್ತಿ ಆಮೇಲೆ ಮಗ್ಗಕ್ಕೆ ತರುತ್ತಾರೆ. ಸುತ್ತಿದ್ದು ಮಗ್ಗಕ್ಕೆ ಬಂದಾಗ ಯಾವ ಆಕಾರ ತಾಳುತ್ತದೆ ಎಂಬುದನ್ನು ಮನಸ್ಸಿನಲ್ಲೇ ತಿರುಗಿಸಿ ನೋಡಬೇಕು. ಏಳು ವರ್ಷದ ಆಸುಪಾಸಿನಲ್ಲಿ ಬರುವುದೆಂದು ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಹೇಳಿದ ಮೂರ್ತ ಕಾರ್ಯಗಳ ಹಂತಕ್ಕೆ ಈ ದೊಡ್ಡ ಕೆಲಸ ಹೊಂದುತ್ತದೆ, ಆಟದ ಮಗ್ಗ ಅದರ ಹಿಂದಿನ ಹಂತಕ್ಕೆ ಹೊಂದುತ್ತದೆ ಎಂಬುದು ಗ್ರೀನ್‌ಫೀಲ್ಡ್ ಅವರ ವಾದ. ಪಿಯಾಜೆಯ ಹೆಸರು ಕೇಳದ ತಾಯಂದಿರು ಮಗುವಿನ ವಯಸ್ಸಿಗೆ ತಕ್ಕ ಸಾಧನವನ್ನು ಕೈಗಿತ್ತಿದ್ದರು.

ಸಿರುಮುಗೈನಲ್ಲೂ ಕೆಲಸಕ್ಕೊಂದು ಕ್ರಮವಿದೆ. ಕಂಡಿಕೆ ಸುತ್ತುವುದು ಮೊದಲು. ಬೆರಳಿಗೆ ಬೂದಿ ಹಚ್ಚಿ ಹಳೆಯ ಹಾಸಿನ ತುದಿಗೆ ಹೊಸ ಹಾಸನ್ನು ಎಳೆ ಎಳೆಯಾಗಿ ಕೆಚ್ಚುವುದು ಬಹಳ ಆಮೇಲೆ. ಮಗುವನ್ನು ಮಗ್ಗಕ್ಕೆ ಕೂರಿಸಬೇಕೆಂದು ನಾನು ಹೇಳುತ್ತಿಲ್ಲ. ಅವಳ ಜಾಗ ಶಾಲೆ, ಅದು ಅವಳ ಹಕ್ಕು. ನನ್ನ ಕೋರಿಕೆ ಒಂದೇ: ಮಗ್ಗದ ಮನೆಯಲ್ಲಿ ಅವಳ ಕೈಯೂ ಕಣ್ಣೂ ಕಲಿತದ್ದನ್ನು ಶಾಲೆ ಕಾಣಲಿ.

ಯಾಕೆಂದರೆ ಕಾಣದೆ ಹೋಗುವುದು ತುಂಬ ಸುಲಭ. ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುವ ಮಕ್ಕಳ ಲೆಕ್ಕವನ್ನು ಮೂವರು ಸಂಶೋಧಕರು ಪರೀಕ್ಷಿಸಿ 1985ರಲ್ಲಿ ಪ್ರಕಟಿಸಿದರು. ಒಂದು ತೆಂಗಿನಕಾಯಿಗೆ 35 ಕ್ರುಜೇರೊ ಆದರೆ ಹತ್ತಕ್ಕೆಷ್ಟು ಎಂದಾಗ ಹನ್ನೆರಡು ವರ್ಷದ ಹುಡುಗ ಮೂರು ಕಾಯಿಗೆ 105, ಇನ್ನು ಮೂರು ಸೇರಿದರೆ 210 ಎಂದು ಗುಂಪು ಗುಂಪಾಗಿ ಕೂಡುತ್ತ 350ಕ್ಕೆ ಮುಟ್ಟಿದ. ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ಮಕ್ಕಳು ನೂರಕ್ಕೆ 98 ಸರಿ ಹೇಳಿದರು. ಅಂಥವೇ ಲೆಕ್ಕಗಳನ್ನು ಬರೀ ಅಂಕಿಗಳಾಗಿ ಕೊಟ್ಟಾಗ ಸರಿಯುತ್ತರ ನೂರಕ್ಕೆ 37ರಷ್ಟಕ್ಕೆ ಇಳಿಯಿತು. ಆ ಮಕ್ಕಳಿಗೆ ಲೆಕ್ಕ ಗೊತ್ತಿತ್ತು. ಬೀದಿಗೂ ಪುಸ್ತಕಕ್ಕೂ ನಡುವೆ ಸೇತುವೆ ಇರಲಿಲ್ಲ. ಆ ಸೇತುವೆ ತಾನಾಗಿ ಆಗುವುದಿಲ್ಲ, ಅದನ್ನು ಕಟ್ಟುವುದೇ ಶಿಕ್ಷಕರ ಕಸುಬು.

ಸಿರುಮುಗೈನಲ್ಲಿ ಆ ಸೇತುವೆಗೆ ಬೇಕಾದ ಸಾಮಗ್ರಿ ಮನೆಮನೆಯಲ್ಲೂ ಇದೆ. ಕಲಿಕೆ ಮೊದಲು ಕೈಯಲ್ಲಿ, ಆಮೇಲೆ ಚಿತ್ರದಲ್ಲಿ, ಕೊನೆಗೆ ಚಿಹ್ನೆಯಲ್ಲಿ ನೆಲೆಗೊಳ್ಳುತ್ತದೆ ಎಂದು ಬ್ರೂನರ್ ಹೇಳಿದ ಮೂರು ದಾರಿಗಳೂ ಒಂದು ಸೀರೆಯಲ್ಲೇ ಸಿಗುತ್ತವೆ. ನೂಲು ಕೈಗೆ. ಬುಟ್ಟಾದ ಚಿತ್ರ ಚೌಕುಳಿ ಕಾಗದದ ಮೇಲೆ. ಅದೇ ಚಿತ್ರ ರಟ್ಟಿನಲ್ಲಿ ಬರೀ ತೂತಾಗಿ ಉಳಿಯುತ್ತದೆ: ತೂತಿದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಇಲ್ಲ. ಮೂರನೇ ತರಗತಿಯ ಟೀಚರ್ ಹಳೆಯ ಚೌಕುಳಿ ಹಾಳೆಯೊಂದನ್ನು ತರಗತಿಗೆ ತರಿಸಬಹುದು. ಒಂದು ಹೂವಿಗೆ ಅಡ್ಡಲಾಗಿ ಹನ್ನೆರಡು ಚೌಕ, ಅಂಚಿನಲ್ಲಿ ಏಳು ಹೂವು ಬಂದರೆ ಒಟ್ಟು ಎಷ್ಟು? ಮಗು ಹತ್ತೇಳಲಿ ಎಪ್ಪತ್ತು, ಎರಡೇಳಲಿ ಹದಿನಾಲ್ಕು ಎಂದು ಕೂಡಿಸಿ ಎಂಬತ್ತನಾಲ್ಕು ಎನ್ನುತ್ತಾಳೆ. ಆಗ ಅವಳು ಮಾಡಿದ್ದನ್ನೇ ಹಲಗೆಯ ಮೇಲೆ ಅಂಕಿಯಲ್ಲಿ ಬರೆದರೆ ಗುಣಾಕಾರದ ನಿಯಮ ಹೊರಗಿಂದ ಬಂದದ್ದೆನಿಸುವುದಿಲ್ಲ. ಹೂವನ್ನು ನಡುವೆ ಮಡಚಿದರೆ ಸಮಮಿತಿಯ ಪಾಠ.

ಇನ್ನು ಮಾತು. ತಮಿಳುನಾಡು 2006ರಲ್ಲಿ ಕಾನೂನು ತಂದು ಒಂದನೇ ತರಗತಿಯಿಂದ ತಮಿಳು ಕಲಿಕೆಯನ್ನು ಕಡ್ಡಾಯ ಮಾಡಿತು. ಇಲ್ಲಿನ ಮಕ್ಕಳಿಗೆ ತಮಿಳು ಅನ್ಯವಲ್ಲ, ಬೀದಿಯಲ್ಲೇ ಹತ್ತುತ್ತದೆ. ಆದರೆ ಮೊದಮೊದಲ ತಿಂಗಳುಗಳಲ್ಲಿ ಮನೆಯ ಮಾತನ್ನು ಬಾಗಿಲಾಚೆ ಬಿಟ್ಟು ಬಾ ಎಂದರೆ ಮಗು ಸುಮ್ಮನಾಗುತ್ತದೆ, ಆ ಮೌನವನ್ನು ದಡ್ಡತನವೆಂದು ಓದುವ ಅಪಾಯವಿದೆ. ಒಂದು ಭಾಷೆಯಲ್ಲಿ ಗಟ್ಟಿಯಾದ ತಿಳಿವು ಇನ್ನೊಂದಕ್ಕೂ ಒದಗುತ್ತದೆ ಎಂದು ಕೆನಡಾದ ಜಿಮ್ ಕಮಿನ್ಸ್ 1979ರಿಂದ ವಾದಿಸುತ್ತ ಬಂದಿದ್ದಾರೆ. ಹಾಸು ಹೊಕ್ಕು ಅಂದರೇನೆಂದು ಕನ್ನಡದಲ್ಲಿ ವಿವರಿಸಬಲ್ಲ ಮಗು ಅದನ್ನೇ ತಮಿಳಿನಲ್ಲೂ ಬೇಗ ಬರೆಯುತ್ತದೆ.

ಒಳ್ಳೆಯ ಪ್ರಯತ್ನಗಳು ಕರ್ನಾಟಕ, ತಮಿಳುನಾಡು ಎರಡೂ ಕಡೆ ಇವೆ. ಎಚ್.ಡಿ. ಕೋಟೆಯ ಶಿಕ್ಷಕರು ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದು 1995ರಲ್ಲಿ ಕಟ್ಟಿದ ನಲಿ ಕಲಿ ಕ್ರಮ, ಪ್ರತಿ ಮಗುವೂ ತನ್ನ ವೇಗದಲ್ಲಿ ಮೆಟ್ಟಿಲು ಹತ್ತಲಿ ಎಂದಿತು. ತಮಿಳುನಾಡಿನಲ್ಲಿ ಕೋವಿಡ್ ನಂತರ, 2022ರಲ್ಲಿ ಶುರುವಾದ ಎಣ್ಣುಂ ಎಳುತ್ತುಂ ಯೋಜನೆ ಮಕ್ಕಳನ್ನು ಅರುಂಬು, ಮೊಟ್ಟು, ಮಲರ್ (ಎಳೆಮೊಗ್ಗು, ಮೊಗ್ಗು, ಹೂವು) ಎಂಬ ಹಂತಗಳಲ್ಲಿ ಗುರುತಿಸಿ ಅಲ್ಲಿಂದ ಮುಂದಕ್ಕೆ ಒಯ್ಯುತ್ತದೆ. ಎರಡರ ಬೇರಿನಲ್ಲೂ ಇರುವ ನಂಬಿಕೆ ಒಂದೇ: ಮಗು ಎಲ್ಲಿದೆಯೋ ಅಲ್ಲಿಂದ ಪಾಠ ಹೊರಡಬೇಕು.

ಪ್ರಾಥಮಿಕ ಶಿಕ್ಷಕರ ಅರ್ಹತಾ ಪರೀಕ್ಷೆಯ 150 ಅಂಕಗಳಲ್ಲಿ 30 ಮಕ್ಕಳ ವಿಕಾಸ ಮತ್ತು ಬೋಧನಾ ಕ್ರಮಕ್ಕೆ ಮೀಸಲು. ಪಿಯಾಜೆಯ ಹಂತಗಳೂ ವೈಗಾಟ್‌ಸ್ಕಿಯ ವಲಯವೂ ಅಲ್ಲಿ ಸರಿಯುತ್ತರಗಳಾಗಿ ಬರುತ್ತವೆ, ಪರೀಕ್ಷೆ ಮುಗಿದೊಡನೆ ಮರೆತೂ ಹೋಗುತ್ತವೆ. ಹೊಸದಾಗಿ ಕೆಲಸಕ್ಕೆ ಸೇರಿದ ಟೀಚರ್ ಶಾಲೆಯ ಸುತ್ತಲಿನ ಮನೆಗಳಿಗೆ ಹೋಗಿ ಕೂತು, ಅಲ್ಲಿನ ಹಿರಿಯರು ಮಗುವಿಗೆ ಒಂದು ಕೆಲಸವನ್ನು ಹೇಗೆ ಕಲಿಸುತ್ತಾರೆಂದು ನೋಡಿ, ಬರೆದಿಟ್ಟುಕೊಳ್ಳುವುದು ತರಬೇತಿಯ ಭಾಗವಾಗಬೇಕು. ಸಿರುಮುಗೈನಲ್ಲಿ ಮಗ್ಗದ ಮನೆ, ಗುಡ್ಡದ ಮೇಲಾದರೆ ಕಾಡಂಚಿನ ಗುಡಿಸಲು, ಬಯಲಲ್ಲಾದರೆ ಹೊಲ. ಹಾಗೆ ನೋಡಿ ಬಂದ ಶಿಕ್ಷಕಿ ತರಗತಿಯಲ್ಲಿ ಮಗುವಿನ ತಪ್ಪುತ್ತರಕ್ಕೆ ಕೆಂಪು ಗೀಟು ಎಳೆಯುವ ಮುನ್ನ "ಇದನ್ನ ಹೇಗೆ ಮಾಡಿದೆ, ಹೇಳು" ಎಂದು ಕೇಳುತ್ತಾಳೆ. ಆ ಪ್ರಶ್ನೆಗೆ ಮಗು ಕೊಡುವ ಉತ್ತರವೇ ಶಿಕ್ಷಕಿಯ ಮುಂದಿನ ಪಾಠ.