ಬ್ಯಾಗಿನಲ್ಲಿ ಮರೆತ ಚಾಕು

‘ಬ್ಯಾಗಲ್ಲಿ ಚಾಕು ಇದೆಯೇನಮ್ಮಾ?’

ಮೆಟ್ರೊ ನಿಲ್ದಾಣದ ಭದ್ರತಾ ಸಿಬ್ಬಂದಿ ಕೇಳಿದಾಗ ‘ಇಲ್ಲ ಮೇಡಂ’ ಎಂದು ತಟ್ಟನೆ ಹೇಳಿಬಿಟ್ಟೆ. ಸುಳ್ಳು ಹೇಳುವ ಉದ್ದೇಶ ಇರಲಿಲ್ಲ, ನಿಜಕ್ಕೂ ಮರೆತಿದ್ದೆ. ಆಕೆ ಸ್ಕ್ಯಾನರ್ ಪರದೆಯನ್ನು ನನ್ನತ್ತ ತಿರುಗಿಸಿದರು. ಟಿಫಿನ್ ಡಬ್ಬಿಯ ಪಕ್ಕದಲ್ಲಿ ನನ್ನ ಕಸಿ ಚಾಕು ಮಲಗಿತ್ತು.

ಸಾಗರದಿಂದ ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಬೆಂಗಳೂರಿಗೆ ಬಂದಿದ್ದೆ. ಚಿಕ್ಕಮ್ಮನ ಮನೆಯಲ್ಲಿ ಸ್ನಾನ, ತಿಂಡಿ ಮುಗಿಸಿ, ಹತ್ತು ಗಂಟೆಯ ಸಂದರ್ಶನಕ್ಕೆಂದು ಹೊರಟಿದ್ದೆ. ಓದಿದ್ದು ತೋಟಗಾರಿಕೆ, ಕೆಲಸ ಖಾಸಗಿ ನರ್ಸರಿಯೊಂದರಲ್ಲಿ. ತಂದ ಬ್ಯಾಗು ಮಾತ್ರ ಕಾಲೇಜಿನ ಪ್ರಾಕ್ಟಿಕಲ್‌ಗೆ ಒಯ್ಯುತ್ತಿದ್ದ ಅದೇ ಹಳೆಯದು.

ಹಿಂದೆ ಸಾಲು ಬೆಳೆಯುತ್ತಿತ್ತು. ‘ಇದು ಗಿಡಕ್ಕೆ ಕಸಿ ಕಟ್ಟೋ ಚಾಕು ಮೇಡಂ’ ಎಂದು ವಿವರಿಸಿದೆ. ಆಕೆ ನಕ್ಕರು, ಗದರಲಿಲ್ಲ. ‘ನೀವು ಹೇಳೋದು ನಿಜಾನೇ ಇರಬಹುದು. ಆದ್ರೆ ಮೊದಲು ಇಲ್ಲ ಅಂದ್ರಲ್ಲ? ಇದನ್ನ ಇಟ್ಕೊಂಡು ಒಳಗೆ ಹೋಗೋಕಾಗಲ್ಲ.’ ಪಕ್ಕದಲ್ಲಿದ್ದ ಬುಟ್ಟಿಯಲ್ಲಿ ಲೈಟರು, ಕತ್ತರಿ ಬಿದ್ದಿದ್ದವು. ಚಾಕುವನ್ನು ಅದಕ್ಕೆ ಹಾಕಿದ್ದರೆ ಹೋಗಬಹುದಿತ್ತು. ಮನಸ್ಸು ಬರಲಿಲ್ಲ.

ಅದು ಅಪ್ಪ ಕೊಟ್ಟಿದ್ದು. ನಮ್ಮ ಕಡೆ ಮಳೆ ಹಿಡಿದರೆ ಅಪ್ಪೆಮಿಡಿ ಕಸಿ ಕಟ್ಟುವ ಕೆಲಸ ಶುರು. ತಾಯಿಮರದಿಂದ ತಂದ ಕಡ್ಡಿಯ ಬುಡವನ್ನು ಎರಡೂ ಕಡೆ ಓರೆಯಾಗಿ, ಬೆಣೆಯಂತೆ ಕೆತ್ತಬೇಕು. ಸಸಿಯ ತಲೆ ಕತ್ತರಿಸಿ, ಸೀಳಿ, ಅದರೊಳಗೆ ಕಡ್ಡಿ ಕೂರಿಸಿ ಪ್ಲಾಸ್ಟಿಕ್ ಪಟ್ಟಿ ಸುತ್ತಬೇಕು. ಕೆತ್ತಿದ ಮೈ ನುಣುಪಾಗಿದ್ದರೆ ಮಾತ್ರ ಎರಡರ ತೊಗಟೆಯಡಿಯ ಹಸಿರು ಪದರ ಒಂದಕ್ಕೊಂದು ತಾಗಿ ಬೆಸೆಯುತ್ತದೆ. ಮೊಂಡು ಚಾಕುವಿನಲ್ಲಿ ಗೀರಿದರೆ ಕಡ್ಡಿ ಒಣಗುತ್ತದೆ. ಹಾಗಾಗಿ ಕಸಿ ಕಟ್ಟುವವರ ಚಾಕು ಅಡುಗೆಮನೆಯ ಚಾಕುವಿಗಿಂತ ಎಷ್ಟೋ ಹರಿತ. ಅಷ್ಟು ಹರಿತವಾದದ್ದನ್ನು ತೋಟದ ತುಂಬ ಹೊತ್ತು ತಿರುಗಬೇಕಲ್ಲ, ಅದಕ್ಕೇ ಮಡಚುವಂತೆ ಮಾಡಿರುತ್ತಾರೆ.

ಮಡಚಿದ ಮಾತ್ರಕ್ಕೆ ಅಪಾಯ ಮುಗಿಯಲಿಲ್ಲ ಎನ್ನುವುದಕ್ಕೆ ನನ್ನ ಎಡ ತೋರುಬೆರಳಿನ ಮೂರು ಹೊಲಿಗೆಯ ಗುರುತೇ ಸಾಕ್ಷಿ. ನನ್ನ ಚಾಕುವಿಗೆ ಲಾಕ್ ಇಲ್ಲ. ಬಿಚ್ಚಿದ ಅಲಗನ್ನು ಹಿಡಿಯೊಳಗಿನ ಸ್ಪ್ರಿಂಗ್ ಒಂದೇ ಒತ್ತಿ ಹಿಡಿದಿರುತ್ತದೆ. ಕೆತ್ತುವಾಗ ಭಾರವೆಲ್ಲ ಬಾಯಿಯ ಕಡೆಗೆ ಬೀಳುವುದರಿಂದ ತೊಂದರೆಯಿಲ್ಲ. ನಾನು ಮಾಡಿದ್ದು ಬೇರೆ. ಪ್ಲಾಸ್ಟಿಕ್ ಡ್ರಮ್ಮಿನ ತಳಕ್ಕೆ ತೂತು ಕೊರೆಯಲು ಮೊನೆಯಿಂದ ಚುಚ್ಚಿದೆ. ಅಲಗು ಹಿಂದಕ್ಕೆ ಮಡಚಿ ಬೆರಳಿನ ಮೇಲೆ ಕೂತಿತು. ಲಾಕ್ ಇರುವ ಚಾಕುಗಳೂ ಸಿಗುತ್ತವೆ. ಫ್ರಾನ್ಸಿನ ಒಪಿನೆಲ್ ಚಾಕುವಿನ ಕುತ್ತಿಗೆಯಲ್ಲಿ 1955ರಿಂದಲೂ ತಿರುಗಿಸುವ ಉಂಗುರವೊಂದಿದೆ, ತಿರುಗಿಸಿದರೆ ಅಲಗು ಅಲ್ಲಾಡುವುದಿಲ್ಲ. ಆದರೂ ಚುಚ್ಚುವುದಕ್ಕೆ, ಮೀಟುವುದಕ್ಕೆ ಮಡಚುವ ಚಾಕು ಬಳಸಲೇಬಾರದು ಎನ್ನುವುದು ನನ್ನ ಮೂರು ಹೊಲಿಗೆಯ ಅಭಿಪ್ರಾಯ.

ಅಂದು ಅಪ್ಪ ಬೈಯಲಿಲ್ಲ. ಗಾಯ ಮಾಗಿದ ಮೇಲೆ ಪಕ್ಕ ಕೂರಿಸಿಕೊಂಡು, ‘ಪುಟ್ಟಿ, ಮುಚ್ಚುವಾಗ ಬೆರಳು ಎಲ್ಲಿಟ್ಟಿದೀಯ ನೋಡ್ಕೊ’ ಎಂದು ಹತ್ತಾರು ಸಲ ಮುಚ್ಚಿಸಿದರು. ಹಿಡಿಯನ್ನು ಎರಡು ಬದಿಯಿಂದ ಹಿಡಿಯಬೇಕು, ಅಲಗು ಬೀಳುವ ಸೀಳಿನ ಮೇಲೆ ಬೆರಳು ಇರಕೂಡದು, ಇನ್ನೊಂದು ಕೈಯಿಂದ ಅಲಗಿನ ಬೆನ್ನನ್ನು ನಿಧಾನಕ್ಕೆ ಒತ್ತಬೇಕು. ಇನ್ನೊಬ್ಬರಿಗೆ ಕೊಡುವಾಗ ಮಡಚಿಯೇ ಕೊಡಬೇಕು. ಬಿಚ್ಚಿದ ಚಾಕು ಹಿಡಿದು ನಾಲ್ಕು ಹೆಜ್ಜೆಯೂ ನಡೆಯಬಾರದು. ಕೈಜಾರಿದರೆ ಹಿಡಿಯಲು ಹೋಗದೆ ಕಾಲು ಹಿಂದೆ ಸರಿಸಿಕೊಂಡು ಬೀಳಲು ಬಿಡಬೇಕು. ಆ ಸೀಳಿನಲ್ಲಿ ಮಣ್ಣು, ಮಾವಿನ ಸೊನೆ ಸೇರಿದರೆ ಅಲಗು ಪೂರ್ತಿ ಮುಚ್ಚುವುದಿಲ್ಲ. ಮೊನೆ ಸ್ವಲ್ಪವೇ ಹೊರಗಿದ್ದು ಜೇಬಿಗೆ ಕೈ ಹಾಕಿದಾಗ ಗೊತ್ತಾಗುತ್ತದೆ! ಸಂಜೆ ಒರೆಸಿ, ಒಣಗಿಸಿ, ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಡುತ್ತೇನೆ. ಕೊಬ್ಬರಿ ಎಣ್ಣೆ ಹಾಕಿ ನೋಡಿದ್ದೆ, ಚಳಿಗೆ ಗಟ್ಟಿಯಾಗಿ ಅಂಟಿಕೊಂಡಿತು.

ಜೇಬು ಎಂದೆನಲ್ಲ, ಹುಡುಗಿಯರ ಬಟ್ಟೆಗೆ ಜೇಬು ಎಲ್ಲಿದೆ? ಇದ್ದರೂ ಮೊಬೈಲ್ ಅರ್ಧ ಹೊರಗೆ. ಒಮ್ಮೆ ಸ್ಕೂಟಿಯಿಂದ ಇಳಿಯುವಾಗ ಚಾಕು ರಸ್ತೆಗೆ ಬಿತ್ತು. ಆಮೇಲೆ ದಪ್ಪ ಬಟ್ಟೆಯ ಚೀಲ ಹೊಲಿದು ಬ್ಯಾಗಿನಲ್ಲಿಡತೊಡಗಿದೆ. ಮರೆವು ಶುರುವಾದದ್ದೂ ಅಲ್ಲಿಂದಲೇ.

ಹಾಸ್ಟೆಲಿನಲ್ಲಿ ಗೆಳತಿಯರು ‘ಸೇಫ್ಟಿಗೆ ಇಟ್ಕೊಂಡಿದೀಯಾ? ಒಳ್ಳೇದಾಯ್ತು ಬಿಡು’ ಎನ್ನುತ್ತಿದ್ದರು. ನನಗೆ ಆ ಮಾತು ಇಷ್ಟವಿಲ್ಲ. ಇದನ್ನು ಬಿಚ್ಚಲು ಎರಡು ಕೈ ಬೇಕು, ಉಗುರಿನಿಂದ ಎಳೆಯಬೇಕು. ಹೆದರಿದ ಕೈಗೆ ಅದು ಆಗದು. ಆದರೂ ಎದುರಿನವರು ಕಿತ್ತುಕೊಂಡರೆ? ಕತ್ತಲ ದಾರಿಯಲ್ಲಿ ನಾನು ನಂಬುವುದು ನನ್ನ ಕಾಲುಗಳನ್ನು ಮತ್ತು 112 ಸಂಖ್ಯೆಯನ್ನು.

ಮೆಟ್ರೊ ಬಾಗಿಲಿನಿಂದ ಹಿಂದೆ ಬಂದು ಆಟೊ ಹಿಡಿದೆ. ಟ್ರಾಫಿಕ್ಕಿನ ಬಗ್ಗೆ ಹೇಳುವುದೇನಿದೆ, ಸಂದರ್ಶನದ ಜಾಗ ತಲುಪಿದಾಗ 10.25. ನನ್ನ ಸರದಿಯನ್ನು ಕೊನೆಗೆ ಹಾಕಿದರು. ಒಳಗೆ ಕೂತವರಿಗೆ ಊಟದ ಹೊತ್ತು, ನನಗೆ ಬೆವರು. ಕೆಲಸ ಸಿಗಲಿಲ್ಲ. ತಡವಾದದ್ದಕ್ಕೇ ಹೀಗಾಯಿತೆಂದು ಹೇಳಲಾರೆ, ಕೇಳಿದ ಎರಡು ಪ್ರಶ್ನೆಗೆ ಉತ್ತರವೂ ಬಂದಿರಲಿಲ್ಲ. ಆದರೆ ವಾಪಸು ಬರುವ ಬಸ್ಸಿನಲ್ಲಿ ನೆನಪಾದದ್ದು ಆ ಪ್ರಶ್ನೆಗಳಲ್ಲ, ‘ಇಲ್ಲ ಮೇಡಂ’ ಎಂದ ನನ್ನದೇ ದನಿ.

ಊರಿಗೆ ಬಂದು ಕಾನೂನು ಹುಡುಕಿದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿರುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳು. ಮನೆಬಳಕೆ, ಕೃಷಿಗೆಂದು ಮಾಡಿದವನ್ನು ಅದರಿಂದ ಹೊರಗಿಟ್ಟಿದ್ದಾರೆ. ನನ್ನದು ಮೂರು ಇಂಚೂ ಇಲ್ಲ. ಓದಿ ಸಮಾಧಾನವಾಯಿತು, ಆದರೆ ಅಂದು ಇದೆಲ್ಲ ಗೊತ್ತಿದ್ದರೂ ಮೆಟ್ರೊದವರು ಬಿಡುತ್ತಿರಲಿಲ್ಲ. ಒಳಗೆ ಏನು ಬರಬಹುದು ಎನ್ನುವುದಕ್ಕೆ ಅವರದೇ ನಿಯಮವಿದೆ. ವಿಮಾನದಲ್ಲಾದರೆ ಕೈಚೀಲದಲ್ಲಿ ಒಯ್ಯುವಂತಿಲ್ಲ, ಚೆಕ್-ಇನ್ ಮಾಡುವ ಲಗೇಜಿನಲ್ಲಿ ಹಾಕಬೇಕು.

ಈಗ ಚಾಕುವಿಗೆ ತೋಟದ ಉಪಕರಣಗಳ ಡಬ್ಬಿಯೇ ಮನೆ. ಊರು ಬಿಡುವ ಹಿಂದಿನ ರಾತ್ರಿ ಬ್ಯಾಗನ್ನು ಹಾಸಿಗೆಯ ಮೇಲೆ ಬೋರಲು ಹಾಕಿ ಕೊಡವುತ್ತೇನೆ. ಅಮ್ಮ ನಗುತ್ತಾಳೆ.

ಕಳೆದ ತಿಂಗಳು ಇನ್ನೊಂದು ನರ್ಸರಿಯಿಂದ ಕರೆ ಬಂತು. ಕಸಿ ಕಟ್ಟಿ ತೋರಿಸಬೇಕು, ಸ್ವಂತ ಚಾಕು ಇದ್ದರೆ ತನ್ನಿ ಎಂದರು. ಗೇಟಿನಲ್ಲಿ ಯಾರಿಗೆ ಹೇಳಬೇಕೆಂದು ಫೋನಿನಲ್ಲೇ ಕೇಳಿಟ್ಟುಕೊಂಡೆ. ಚಾಕುವನ್ನು ಅದರ ಚೀಲದಲ್ಲಿಟ್ಟು, ದಾರ ಬಿಗಿದು, ಬ್ಯಾಗಿನ ತಳಕ್ಕೆ ಹಾಕಿದೆ. ಮೆಜೆಸ್ಟಿಕ್‌ನಲ್ಲಿ ಇಳಿದವಳು ಮೆಟ್ರೊ ಕಡೆ ತಿರುಗದೆ ಸಿಟಿ ಬಸ್ಸು ಹತ್ತಿದೆ. ಗೇಟಿನಲ್ಲಿದ್ದ ಅಣ್ಣ ‘ಬ್ಯಾಗಲ್ಲಿ ಏನಿದೆ?’ ಎಂದು ಕೇಳುವ ಮೊದಲೇ ಹೇಳಿದೆ: ‘ಚಾಕು ಇದೆ ಅಣ್ಣಾ.’